ಹೆಣ್ಣುಮಕ್ಕಳ ಸಂಜೆಕೂಟವನ್ನು ನಡೆಸುವುದು ಹೇಗೆ?



ಬೀಜ ಬಿತ್ತಿದ ಮೇಲೆ ಬೆಳೆ ತಾನಾಗಿಯೇ ಕೈಗೆ ಬರುತ್ತದೆಂದು ಯಾವ ರೈತನೂ ಕೈಕಟ್ಟಿ ಕೂರುವುದಿಲ್ಲ. ಕಳೆ ಕೀಳಬೇಕು, ನೀರು ಹಾಯಿಸಬೇಕು, ಹಕ್ಕಿ ಓಡಿಸಬೇಕು. ಮಗಳನ್ನು ಶಾಲೆಗೆ ಸೇರಿಸುವುದೂ ಬಿತ್ತಿದಂತೆಯೇ. ಆದರೆ ಶಾಲೆಗೆ ಹೆಸರು ಹಚ್ಚಿದ ಮೇಲೆ ನಮ್ಮ ಕೆಲಸ ಮುಗಿಯಿತೆಂದು ಎಷ್ಟೋ ಮಂದಿ ತಿಳಿದಿದ್ದಾರೆ. ಸಂಜೆ ಮನೆಗೆ ಬಂದ ಹುಡುಗಿಗೆ ನೀರು ತರುವುದು, ಪಾತ್ರೆ ತೊಳೆಯುವುದು, ತಮ್ಮನನ್ನು ಎತ್ತಿಕೊಳ್ಳುವುದು ಕಾದಿರುತ್ತದೆ. ಪುಸ್ತಕ ತೆರೆಯುವಷ್ಟರಲ್ಲಿ ಕಣ್ಣಿಗೆ ನಿದ್ದೆ ಹತ್ತಿರುತ್ತದೆ. ಹೀಗೆ ಪಾಠ ಹಿಂದೆ ಬೀಳುತ್ತದೆ. ಹಿಂದೆ ಬಿದ್ದವಳು ಶಾಲೆಯನ್ನೇ ಬಿಡುತ್ತಾಳೆ. ಇದನ್ನು ತಡೆಯಲು ಊರವರೇ ಮಾಡಬಹುದಾದ ಒಂದು ಸುಲಭ ಏರ್ಪಾಡು ಸಂಜೆಕೂಟ. ಈ ಪಾಠದಲ್ಲಿ ಅದರ ವಿಚಾರವನ್ನು ನೋಡೋಣ.

ಏಕೆ ಬೇಕು?

2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಎಂಟನೆಯ ತರಗತಿಯವರೆಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. ಅಪಾಯವಿರುವುದು ಅದರ ಆಚೆಗೆ. ಹೈಸ್ಕೂಲು ಬೇರೆ ಊರಿನಲ್ಲಿದ್ದರೆ, ಮಗಳು ಪಾಠದಲ್ಲಿಯೂ ಹಿಂದಿದ್ದರೆ, "ಇನ್ನು ಓದಿದ್ದು ಸಾಕು" ಎಂಬ ಮಾತು ಮನೆಯಲ್ಲಿ ಏಳುತ್ತದೆ. ಆ ಮಾತಿನ ಬೆನ್ನಿಗೇ ಮದುವೆಯ ಮಾತು ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳೆಂದು ಲೆಕ್ಕ ಹಾಕಿಕೊಳ್ಳಿ. ಅದಕಾರಣ ಸಂಜೆಕೂಟವು ಬರೀ ಮನೆಪಾಠವಲ್ಲ. ಮಗಳು ಶಾಲೆಯಲ್ಲಿ ಉಳಿಯುವಂತೆ ಊರು ಹಾಕುವ ಬೇಲಿ.

ಯಾರು, ಎಲ್ಲಿ, ಎಷ್ಟು ಹೊತ್ತು?

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ, ಊರಿನ ಕೆಲಸಕ್ಕೆ ಊರವರೇ ಕೈಹಾಕಬೇಕೆಂಬುದು ಅದರ ತಳಹದಿಯಾಗಿತ್ತು. ರಸ್ತೆಗೆ ಮಣ್ಣು ಹೊರುವುದು ಶ್ರಮದಾನವಾದರೆ, ವಾರಕ್ಕೊಂದು ಸಂಜೆ ಮಕ್ಕಳೊಡನೆ ಕೂರುವುದೂ ಶ್ರಮದಾನವೇ.

ಪಿಯುಸಿ ಮುಗಿಸಿದ ಊರಿನ ಹೆಣ್ಣುಮಕ್ಕಳು, ಓದುಬರಹ ಬಲ್ಲ ಸೊಸೆಯಂದಿರು, ಸ್ವಸಹಾಯ ಸಂಘದ ಸದಸ್ಯೆಯರು, ನಿವೃತ್ತ ಉಪಾಧ್ಯಾಯಿನಿಯರು ಮುಂದೆ ಬರಬಹುದು. ಹತ್ತು ಮಂದಿ ಸಿಕ್ಕಿದರೆ ಸಾಕು. ವಾರಕ್ಕೆ ಐದು ದಿನ, ದಿನಕ್ಕೆ ಇಬ್ಬರಂತೆ ಹಂಚಿಕೊಂಡರೆ ಒಬ್ಬೊಬ್ಬರಿಗೆ ವಾರದಲ್ಲಿ ಒಂದೇ ಸರದಿ. ನಾಟಿ, ಕೊಯ್ಲು, ಹಬ್ಬ, ರಜೆಗಳೆಂದು 12 ವಾರ ಬಿಟ್ಟರೂ ವರ್ಷಕ್ಕೆ 40 ವಾರ ಉಳಿಯುತ್ತದೆ. ದಿನಕ್ಕೆ ಒಂದೂವರೆ ಗಂಟೆಯಂತೆ ಒಬ್ಬ ಸೇವಕಿ ಕೊಡುವುದು ವರ್ಷಕ್ಕೆ 60 ಗಂಟೆ. ಹುಡುಗಿಗೆ ಸಿಗುವುದು 300 ಗಂಟೆ.

ಜಾಗ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ಶಾಲೆಯ ಪಡಸಾಲೆ, ಸಮುದಾಯ ಭವನ, ಪಂಚಾಯತಿ ಗ್ರಂಥಾಲಯ ಇವು ಯೋಗ್ಯ. ಶಾಲೆಯಲ್ಲಿ ನಡೆಸುವುದಾದರೆ ಮುಖ್ಯೋಪಾಧ್ಯಾಯರ ಮತ್ತು ಶಾಲಾ ಅಭಿವೃದ್ಧಿ ಸಮಿತಿಯ ಒಪ್ಪಿಗೆ ಪಡೆಯತಕ್ಕದ್ದು. ಶಾಲೆ ಬಿಟ್ಟ ಕೂಡಲೇ ಆರಂಭಿಸಿದರೆ ಹುಡುಗಿಯರು ಹೊತ್ತು ಮುಳುಗುವ ಮುನ್ನ ಮನೆ ಸೇರಬಹುದು.

ಏನು ಕಲಿಸಬೇಕು?

ಶಾಲೆಯ ಪಾಠವನ್ನೇ ಮತ್ತೆ ಒಪ್ಪಿಸುವುದು ಕೂಟದ ಉದ್ದೇಶವಲ್ಲ. ದಣಿದು ಬಂದ ಮಗುವಿಗೆ ಮೊದಲು ಅರ್ಧ ಗಂಟೆ ಆಟ ಬೇಕು. ಕೊಕ್ಕೊ, ಕುಂಟೆಬಿಲ್ಲೆ, ಲಗೋರಿಗೆ ಖರ್ಚಿಲ್ಲ. ಹುಣಸೆಬೀಜ ಹಿಡಿದು 14 ಗುಳಿಯ ಅಳಗುಳಿಮಣೆ ಆಡಿದರೆ ಎಣಿಕೆಯ ಅಭ್ಯಾಸವೂ ಆಗುತ್ತದೆ. ಆಮೇಲೆ ಅರ್ಧ ಗಂಟೆ ಗಟ್ಟಿಯಾಗಿ ಓದುವುದು. ಬಲ್ಲವಳು ಬಾರದವಳ ಪಕ್ಕದಲ್ಲಿ ಕೂರಲಿ. ಕೊನೆಯ ಅರ್ಧ ಗಂಟೆ ಮನೆಗೂ ಹೊಲಕ್ಕೂ ಬೇಕಾದ ಲೆಕ್ಕ.

ಉದಾಹರಣೆಗೆ ನೆಲದ ಅಳತೆ. 33 ಅಡಿ ಉದ್ದ, 33 ಅಡಿ ಅಗಲದ ಜಾಗವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಹಗ್ಗ ಹಿಡಿದು ಶಾಲೆಯ ಬಯಲಿನಲ್ಲಿ ಒಂದು ಗುಂಟೆ ಗುರುತು ಮಾಡಿಸಿರಿ, ಮಕ್ಕಳು ಮರೆಯುವುದಿಲ್ಲ. ಇನ್ನೊಂದು, ಗೊಬ್ಬರದ ಚೀಲ. 50 ಕಿಲೋ ಡಿ.ಎ.ಪಿ. ಚೀಲದ ಮೇಲೆ 18-46 ಎಂದಿರುತ್ತದೆ. ನೂರು ಕಿಲೋಗೆ 18 ಕಿಲೋ ಸಾರಜನಕ, 46 ಕಿಲೋ ರಂಜಕಾಂಶ ಎಂದು ಅರ್ಥ. ಹಾಗಾದರೆ ಒಂದು ಚೀಲದಲ್ಲಿ 9 ಕಿಲೋ ಮತ್ತು 23 ಕಿಲೋ. ಡೇರಿಯ ಹಾಲಿನ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಪಹಣಿ ಇವನ್ನೂ ಓದಿಸಿರಿ.

ಹೆಣ್ಣಿಗೆ ಪಹಣಿ ಏಕೆಂದು ಕೇಳುವವರು ಒಂದು ಮಾತನ್ನು ನೆನಪಿಡಬೇಕು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ. ಹಕ್ಕಿದ್ದವಳಿಗೆ ಕಾಗದ ಓದಲು ಬರಬೇಡವೇ?

ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ಕರೆಯಿರಿ. ಮೈನೆರೆಯುವ ವಯಸ್ಸಿನ ವಿಷಯ, ಮುಟ್ಟಿನ ದಿನಗಳ ಶುಚಿ, ರಕ್ತಹೀನತೆ ಇವುಗಳನ್ನು ಅವರು ಸಂಕೋಚವಿಲ್ಲದೆ ತಿಳಿಸಲಿ. ಸೊಪ್ಪು, ಕಾಳು, ರಾಗಿಯ ಊಟದೊಡನೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಕಾಫಿ, ಚಹ ಕುಡಿದರೆ ಅದು ಕಡಮೆಯಾಗುತ್ತದೆ.

ಪಾಲಿಸಬೇಕಾದ ಕಟ್ಟುಪಾಡುಗಳು

1. ಪ್ರತಿ ಹುಡುಗಿಯ ತಂದೆತಾಯಿಯರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಹಾಜರಿ ಪುಸ್ತಕ ಇಡಬೇಕು.

2. ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಬಾಗಿಲು ಮುಚ್ಚಿ ಯಾರೂ ಒಂದು ಮಗುವಿನೊಡನೆ ಒಂಟಿಯಾಗಿ ಕೂರಬಾರದು. ಸೇವೆಗೆ ಬಂದವರು ಎಷ್ಟೇ ಗೌರವಸ್ಥರಾಗಿರಲಿ, ಈ ನಿಯಮ ಸಡಿಲವಾಗಬಾರದು.

3. ಒಂದೇ ಕೇರಿಯ ಹುಡುಗಿಯರನ್ನು ಒಟ್ಟಿಗೆ ಮನೆಗೆ ಕಳುಹಿಸಬೇಕು. ಎಲ್ಲ ಕೇರಿಯವರೂ ಒಂದೇ ಚಾಪೆಯ ಮೇಲೆ ಕೂರಬೇಕು. ಕುಡಿಯುವ ನೀರಿಗೆ ಒಂದೇ ಕೊಡ.

4. ಮಕ್ಕಳ ಫೋಟೋ ತೆಗೆದು ಮೊಬೈಲಿನಲ್ಲಿ ಹಂಚಬಾರದು.

5. ಯಾರಾದರೂ ತನಗೆ ಕಿರುಕುಳ ಕೊಟ್ಟರೆಂದು ಹುಡುಗಿ ಹೇಳಿದರೆ, ಗದರಿಸದೆ ಕೇಳಬೇಕು. ಊರಲ್ಲಿ ಹರಡಬಾರದು, ಆದರೆ ಮುಚ್ಚಿಡಲೂಬಾರದು. ಲೈಂಗಿಕ ಕಿರುಕುಳವಾದರೆ, 2012ರ ಪೋಕ್ಸೊ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಗೊತ್ತಿದ್ದವರ ಕರ್ತವ್ಯ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಣ ಬೇಕಿಲ್ಲ.

ಮನೆಗೆಲಸ ಯಾರು ಮಾಡಬೇಕು?

ಈ ಆಕ್ಷೇಪಣೆ ಬಂದೇ ಬರುತ್ತದೆ. ಅದರಲ್ಲಿ ನಿಜವೂ ಇದೆ. ತಾಯಿ ಕೂಲಿಗೋ ಹೊಲಕ್ಕೋ ಹೋಗಿ ದಣಿದು ಬಂದಿರುತ್ತಾಳೆ. ಆಕೆಯ ಮೇಲೆಯೇ ಮತ್ತಷ್ಟು ಹೊರೆ ಹಾಕಿದರೆ ಕೂಟ ಬಾಳುವುದಿಲ್ಲ. ಅದಕ್ಕೆ ದಾರಿ ಎರಡು. ಚಿಕ್ಕ ತಮ್ಮತಂಗಿಯರನ್ನು ಜೊತೆಗೆ ಕರೆತರಲು ಬಿಡಿ. ಸರದಿಯ ಇಬ್ಬರಲ್ಲಿ ಒಬ್ಬರು ಅವರನ್ನು ಆಡಿಸಲಿ. ಇನ್ನು, ಕೊಡ ನೀರು ತರುವುದಕ್ಕೂ ಹಟ್ಟಿ ಗುಡಿಸುವುದಕ್ಕೂ ಮಗನ ಕೈಗೆ ಏನೂ ಕೊರತೆಯಿಲ್ಲ. ತಂದೆ ಒಂದು ಮಾತು ಹೇಳಿದರೆ ಈ ಕೆಲಸ ಹಂಚಿಹೋಗುತ್ತದೆ.

ಬರುವುದನ್ನು ನಿಲ್ಲಿಸಿದವಳು

ಹಾಜರಿ ಪುಸ್ತಕದಲ್ಲಿ ಮೂರು ದಿನ ಸತತ ಗೈರುಹಾಜರಿ ಕಂಡರೆ ಇಬ್ಬರು ಆಕೆಯ ಮನೆಗೆ ಹೋಗಿಬರಬೇಕು. ಜ್ವರವೋ, ಸುಗ್ಗಿಯೋ, ಮದುವೆಯ ಮಾತೋ ತಿಳಿಯುತ್ತದೆ. ಹೋದಾಗ ಜಗಳವಾಡಬೇಡಿ, "ಮಗು ಬರಲಿಲ್ಲವಲ್ಲ ತಾಯಿ, ನೋಡಿ ಹೋಗೋಣವೆಂದು ಬಂದೆವು" ಎಂದರೆ ಸಾಕು. ಮದುವೆಯ ಮಾತಾಗಿದ್ದರೆ, 2006ರ ಕಾಯಿದೆಯಂತೆ ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕೆಂದೂ, ತಪ್ಪಿದರೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿಯವರೆಗೆ ದಂಡ ಇದೆಯೆಂದೂ ಶಾಂತವಾಗಿ ತಿಳಿಸಿ. ಲಗ್ನಪತ್ರಿಕೆ ಅಚ್ಚಾದ ಮೇಲೆ ತಡೆಯುವುದು ಕಷ್ಟ; ಮೂರನೆಯ ದಿನವೇ ಬಾಗಿಲು ತಟ್ಟಿದರೆ ಸುಲಭ. ಮಾತಿಗೆ ಬಗ್ಗದಿದ್ದರೆ 1098 ಇದ್ದೇ ಇದೆ.

ಗ್ರಾಮದಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಎಂಟನೆಯ ತರಗತಿ ಮುಗಿಸಿದ ಹುಡುಗಿಯರೆಷ್ಟು? ಅವರಲ್ಲಿ ಈಗ ಓದುತ್ತಿರುವವರೆಷ್ಟು?

2. ವಾರಕ್ಕೊಂದು ಸಂಜೆ ಕೊಡಬಲ್ಲ ಹತ್ತು ಮಂದಿ ಯಾರು ಯಾರು?

3. ಚಾಪೆ, ದೀಪ, ಪುಸ್ತಕಗಳ ಖರ್ಚನ್ನು ಯಾವ ಸಂಘ ವಹಿಸಿಕೊಳ್ಳಬಹುದು?

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಹೆಸರು ಸಹಿತ ಬರೆದು ಮುಂದಿನ ಗ್ರಾಮಸಭೆಗೆ ತನ್ನಿರಿ. ಕೂಟದ ಕೆಲಸ ಆ ಪಟ್ಟಿಯಿಂದಲೇ ಆರಂಭವಾಗಲಿ.