ಫೋರ್ ವೀಲ್ ಡ್ರೈವ್ ಜೀಪು ಕೊಂಡ ತಮ್ಮನಿಗೆ

ತಮ್ಮಾ, ಫೋರ್ ವೀಲ್ ಡ್ರೈವ್ ಜೀಪು ಕೊಂಡಿದ್ದೀಯ, ಬಹಳ ಸಂತೋಷ. ಭತ್ತದ ಕೊಯ್ಲು ಮುಗಿದು ಮಾಗಿಯ ಚಳಿ ಬಿದ್ದಿದೆ. ಭಾನುವಾರ ಬಂತೆಂದರೆ ಬಳ್ಳಾರಿಯಿಂದ ಗೆಳೆಯರ ಜೊತೆ ಸಿರುಗುಪ್ಪದ ಗದ್ದೆಬಯಲಿಗೋ, ಹಗರಿ ಹೊಳೆಯ ಮರಳಿಗೋ, ಕುರುಗೋಡಿನ ಗುಡ್ಡದ ಕಡೆಗೋ ಹೊರಡುತ್ತೀಯ. ಹೋಗಬೇಡ ಅನ್ನುವುದಿಲ್ಲ, ಆಡುವ ವಯಸ್ಸು. ಆದರೆ ಆಟದ ಸವೆತ ಆಟದ ದಿನ ಕಾಣುವುದಿಲ್ಲ. ಆರು ತಿಂಗಳ ಮೇಲೆ ಗ್ಯಾರೇಜಿನಲ್ಲಿ ಕಾಣುತ್ತದೆ. ಅದಕ್ಕೇ ಈಗಲೇ ನಾಲ್ಕು ಮಾತು ಹೇಳುತ್ತೇನೆ.

ಹಿಮ ಬೀಳುವ ದೇಶಗಳಲ್ಲಿ ಗಾಡಿ ಗಿರಗಿರ ತಿರುಗಿಸುವ ವಿಡಿಯೊ ನೋಡಿ ನಮ್ಮ ಟಾರು ರಸ್ತೆಯಲ್ಲಿ ಹಾಗೆ ಮಾಡಬೇಡ. ಅಲ್ಲಿಯ ಚಳಿಗಾಲದಲ್ಲಿ ನೆಲ ಜಾರುತ್ತದೆ, ನಮ್ಮ ಚಳಿಗಾಲದಲ್ಲಿ ನೆಲ ಒಣಗಿ ಟೈರನ್ನು ಬಿಗಿಯಾಗಿ ಹಿಡಿಯುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಸಾಗಬೇಕು. ಲಿವರ್ 4ಎಚ್‌ನಲ್ಲಿದ್ದರೆ, ಅಂದರೆ ನಾಲ್ಕೂ ಚಕ್ರ ಎಳೆಯುತ್ತಿದ್ದರೆ, ನಿನ್ನ ಜೀಪಿನಲ್ಲಿ ಎರಡೂ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಬಂಡಿ ತಿರುಗುವಾಗ ಹೊರಗಿನ ಎತ್ತಿಗೆ ಹೆಚ್ಚು ಹೆಜ್ಜೆ ಹಾಕಲು ಬಿಡದಿದ್ದರೆ ನೊಗ ಏನಾದೀತು, ಯೋಚಿಸು. ಹಿಮದಲ್ಲಿ ಟೈರು ಜಾರಿ ಆ ಬಿಗಿತ ಕಳೆಯುತ್ತದೆ. ಟಾರಿನಲ್ಲಿ ಅದೆಲ್ಲ ಟ್ರಾನ್ಸ್‌ಫರ್ ಕೇಸಿನ ಮೇಲೆ, ಜಾಯಿಂಟ್ ಕ್ರಾಸಿನ ಮೇಲೆ ಬೀಳುತ್ತದೆ. ಟಾರು ಮುಟ್ಟಿದೊಡನೆ ಎರಡೇ ಚಕ್ರ ಎಳೆಯುವ 2ಎಚ್‌ಗೆ ಹಾಕು.

ಗೆಳೆಯರ ಎಸ್‌ಯುವಿಗಳಲ್ಲಿ ನಾಲ್ಕೂ ಚಕ್ರಕ್ಕೆ ಗಾಡಿಯೇ ಎಳೆತ ಹಂಚುತ್ತದೆ. ಅವುಗಳಲ್ಲಿ ಆ ಕೆಲಸ ಹೆಚ್ಚಾಗಿ ಕ್ಲಚ್ ಪ್ಲೇಟುಗಳದು. ಮರಳಿನಲ್ಲಿ ಬಹಳ ಹೊತ್ತು ಚಕ್ರ ಸುತ್ತಿಸಿದರೆ ಅವು ಕಾಯುತ್ತವೆ. ವಾರ್ನಿಂಗ್ ದೀಪ ಹತ್ತಿದರೆ ಗಾಡಿ ನಿಲ್ಲಿಸಿ ತಣಿಯಲು ಬಿಡಿ ಎಂದು ಅವರಿಗೆ ಹೇಳು. ನಾಲ್ಕು ಟೈರೂ ಒಂದೇ ಅಳತೆ, ಒಂದೇ ಸವೆತದಲ್ಲಿರಲಿ. ಒಂದೇ ಟೈರು ಹೊಸದಾದರೂ ಒಳಗಿನ ಭಾಗಗಳು ಸುಮ್ಮನೆ ತೇಯುತ್ತವೆ.

ಇನ್ನು ನಮ್ಮ ಎರೆಮಣ್ಣು. ನೀರು ಕುಡಿದರೆ ಉಬ್ಬಿ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಚಕ್ರದೊಳಗೆ ಒಂದೇ ಕಡೆ ಗಟ್ಟಿಯಾದರೆ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗುತ್ತದೆ. ರೇಡಿಯೇಟರ್ ಮುಚ್ಚಿಕೊಂಡರೆ ಎಂಜಿನ್ ಕಾಯುತ್ತದೆ. ಅದಕ್ಕೆ ಆಡಿದ ದಿನವೇ ಗಾಡಿಯ ಹೊಟ್ಟೆಯಡಿ ನೀರು ಹೊಡೆಸು. ಆಕ್ಸಲ್ ತುದಿಯ ರಬ್ಬರ್ ಬೂಟು ಹರಿದಿದೆಯೇ ನೋಡು. ಹರಿದರೆ ಗ್ರೀಸು ಹೊರಬಿದ್ದು ಮಣ್ಣು ಒಳಹೋಗುತ್ತದೆ, ಮುಂದೆ ತಿರುವಿನಲ್ಲಿ ಕಟಕಟ ಸದ್ದು ಶುರುವಾಗುತ್ತದೆ. ಬೂಟಿಗೆ ಸಣ್ಣ ಖರ್ಚು, ಆಕ್ಸಲ್‌ಗೆ ದೊಡ್ಡದು.

ಓಡಿ ಕಾದ ಗಾಡಿಯನ್ನು ಹಳ್ಳದ ತಣ್ಣೀರಿಗೆ ಒಮ್ಮೆಲೇ ಇಳಿಸಬೇಡ. ಆಕ್ಸಲ್ ಹೌಸಿಂಗ್ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ನೀರಿಗಿಳಿದ ಮೇಲೆ ಗೇರ್ ಆಯಿಲ್ ನೋಡಿಸು. ಬಿಳುಪು ತಿರುಗಿದ್ದರೆ ಸರ್ವಿಸ್ ದಿನ ಬರಲೆಂದು ಕಾಯದೆ ಬದಲಿಸು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಬಲಗಾಲಿನಿಂದ. ಗಾಡಿ ಹೂತಾಗ ಆಕ್ಸಿಲರೇಟರ್ ಒತ್ತಿ ಚಕ್ರವನ್ನು ಗರಗರ ಸುತ್ತಿಸುತ್ತೀರಿ. ಸುತ್ತುವ ಚಕ್ರಕ್ಕೆ ದಿಢೀರನೆ ಗಟ್ಟಿ ನೆಲ ಸಿಕ್ಕರೆ ಆ ಜೋರೆಲ್ಲ ಆಕ್ಸಲ್‌ಗೂ ಕ್ರೌನ್ ಪಿನಿಯನ್‌ಗೂ ಒಂದೇ ಏಟಾಗಿ ಬೀಳುತ್ತದೆ. ಮರಳಿಗಿಳಿಯುವ ಮುನ್ನ ಟೈರಿನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸು, ಟಾರಿಗೆ ಬಂದ ಕೂಡಲೇ ತುಂಬಿಸು. ಹೂತರೆ ನಿಧಾನದ ಗೇರಾದ 4ಎಲ್ ಹಾಕಿ ಮೆಲ್ಲಗೆ ಎಬ್ಬಿಸು. ಏಳದಿದ್ದರೆ ಇಳಿದು ಮಣ್ಣು ಕೆದಕು. ಟ್ರ್ಯಾಕ್ಟರ್ ಕರೆದರೆ ಹಗ್ಗವನ್ನು ಟೋ ಹುಕ್ಕಿಗೇ ಕಟ್ಟು, ಬಂಪರಿಗಲ್ಲ. ಎಳೆಯುವಾಗ ಹಗ್ಗದ ಹತ್ತಿರ ಯಾರನ್ನೂ ನಿಲ್ಲಗೊಡಬೇಡ.

ಗಾಡಿಯಂತೆ ನೆಲವೂ ಸವೆಯುತ್ತದೆ, ತಮ್ಮಾ. ತುಂಗಭದ್ರಾ ಕಾಲುವೆಯ ನೀರು ನೆಚ್ಚಿದ ರೈತ ಕೊಯ್ಲಾದ ಮೇಲೂ ಬದು ಕಾಯುತ್ತಾನೆ, ನೀರು ಬಿಡುವ ವರ್ಷ ಎರಡನೇ ಬೆಳೆಗೆ ಸಸಿಮಡಿ ಹಾಕುತ್ತಾನೆ. ಹಸಿ ನೆಲದಲ್ಲಿ ನಿನ್ನ ಚಕ್ರ ಕೊರೆದ ಗುಂಡಿ ಅವನ ನೀರು ನಿಲ್ಲಿಸುವ ಲೆಕ್ಕವನ್ನೇ ಕೆಡಿಸುತ್ತದೆ. ಹೊಲದವನನ್ನು ಕೇಳದೆ ಇಳಿಯಬೇಡ. ಕಾಲುವೆ ಏರಿಯ ಮೇಲಂತೂ ಆಟವೇ ಬೇಡ. ಹಗರಿಯಲ್ಲಿ ಮರಳು ತೆಗೆದ ಗುಂಡಿಗಳಿರುತ್ತವೆ, ಮೊದಲು ಕಾಲ್ನಡಿಗೆಯಲ್ಲಿ ಹೋಗಿ ನೋಡು, ಆಮೇಲೆ ಗಾಡಿ ಇಳಿಸು.

ಇಷ್ಟು ನಡೆಸಿಕೊಂಡರೆ ಆಟವೂ ಇರುತ್ತದೆ, ಗಾಡಿಯೂ ಉಳಿಯುತ್ತದೆ, ಗದ್ದೆಯವರೂ ಮುಂದಿನ ವರ್ಷ ನಿನ್ನನ್ನು ಬಾ ಎನ್ನುತ್ತಾರೆ.