ಬೆಕ್ಕು ನಾಯಿ ಇರುವ ಮನೆಯಲ್ಲಿ ಯಾವ ಗಿಡ ಇಡಬೇಕು?

ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಕಿಟಕಿಯ ಪಕ್ಕದಲ್ಲಿ ನಾಲ್ಕು ಹಸಿರು ಗಿಡಗಳಿದ್ದರೆ ಮನಸ್ಸಿಗೆ ಹಿತ. ಸಾಕಿದ ಬೆಕ್ಕು, ನಾಯಿಗಳೂ ಒಂಟಿತನವನ್ನು ಮರೆಸುತ್ತವೆ. ಆದರೆ ಇವೆರಡೂ ಒಂದೇ ಸೂರಿನಡಿ ಇರುವಾಗ ಸ್ವಲ್ಪ ತಿಳಿವಳಿಕೆ ಬೇಕು. ನಾವು ಅಲಂಕಾರಕ್ಕೆಂದು ತರುವ ಕೆಲವು ಗಿಡಗಳು ಪ್ರಾಣಿಗಳ ಬಾಯಿ ಉರಿಸುತ್ತವೆ. ಕೆಲವು ಪ್ರಾಣವನ್ನೇ ತೆಗೆಯುತ್ತವೆ. ಯಾವುದು ಯಾವ ಬಗೆಯದೆಂದು ಗುರುತಿಸಲು ಕಲಿತರೆ ಹೆದರಬೇಕಾಗಿಲ್ಲ. ಅಂಬೆಗಾಲಿಡುವ ಮಗು ಇರುವ ಮನೆಯವರೂ ಈ ಗಿಡಗಳ ವಿಷಯದಲ್ಲಿ ಎಚ್ಚರ ವಹಿಸಬೇಕು.

ಬಾಯಿ ಉರಿಸುವ ಗಿಡಗಳು

ಕೆಸುವಿನ ಸೊಪ್ಪನ್ನು ಸರಿಯಾಗಿ ಬೇಯಿಸದೆ ತಿಂದರೆ ಗಂಟಲು ತುರಿಸುವುದು ಎಲ್ಲರಿಗೂ ಗೊತ್ತು. ಎಲೆಯಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇದಕ್ಕೆ ಕಾರಣ. ಮನಿಪ್ಲಾಂಟ್, ಡಿಫೆನ್‌ಬಾಕಿಯಾ, ಪೀಸ್ ಲಿಲ್ಲಿ, ಆಂಥೂರಿಯಂ ಇವೆಲ್ಲ ಕೆಸುವಿನ ಕುಟುಂಬಕ್ಕೇ ಸೇರಿದವು. ಇವನ್ನು ಕಚ್ಚಿದ ಪ್ರಾಣಿ ಜೊಲ್ಲು ಸುರಿಸುತ್ತದೆ, ಬಾಯಿ ಉಜ್ಜಿಕೊಳ್ಳುತ್ತದೆ, ಊಟ ಬಿಡುತ್ತದೆ. ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ. ಆದರೆ ನಾಲಿಗೆ, ಗಂಟಲು ಬಾತು ಉಸಿರಾಟಕ್ಕೆ ತೊಂದರೆಯಾದರೆ ತಡಮಾಡಬಾರದು.

ಲೋಳೆಸರದ ಸಿಪ್ಪೆಯ ಕೆಳಗಿನ ಹಳದಿ ರಸ, ಸ್ನೇಕ್ ಪ್ಲಾಂಟಿನ ಎಲೆ ಇವು ಹೊಟ್ಟೆಗೆ ಹೋದರೆ ವಾಂತಿ, ಭೇದಿಯಾಗುತ್ತದೆ. ಇಂಥ ಗಿಡಗಳನ್ನು ಬಿಸಾಡಬೇಕಾಗಿಲ್ಲ. ಪ್ರಾಣಿ ಮತ್ತು ಮಕ್ಕಳ ಬಾಯಿಗೆ ಸಿಗದಂತೆ ಇಟ್ಟರೆ ಸಾಕು.

ಪ್ರಾಣಕ್ಕೆ ಅಪಾಯ ತರುವವು

1. ಲಿಲ್ಲಿ ಹೂ: ರೋಗಿಯನ್ನು ನೋಡಲು ಬರುವವರು ತರುವ ಹೂಗುಚ್ಛಗಳಲ್ಲಿ ದೊಡ್ಡ ದಳದ, ಸುವಾಸನೆಯ ಲಿಲ್ಲಿ ಇರುವುದುಂಟು. ಬಿಡುಗಡೆಯಾಗಿ ಹೋಗುವಾಗ ಅದೂ ಮನೆ ಸೇರುತ್ತದೆ. ಬೆಕ್ಕಿಗೆ ಇದು ಘೋರ ವಿಷ. ಎಲೆ, ದಳ ತಿನ್ನಲೇಬೇಕೆಂದಿಲ್ಲ; ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಮೂತ್ರಪಿಂಡ ಕೆಡಬಹುದು. ಮೊದಲು ವಾಂತಿಯಾಗುತ್ತದೆ, ಆಮೇಲೆ ಸುಧಾರಿಸಿದಂತೆ ಕಾಣುತ್ತದೆ. ಆದರೆ 1ರಿಂದ 3 ದಿನಗಳೊಳಗೆ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಬೇಗನೆ ಡ್ರಿಪ್ ಚಿಕಿತ್ಸೆ ಸಿಕ್ಕರೆ ಬದುಕುವ ಸಾಧ್ಯತೆ ಹೆಚ್ಚು. ಆದ್ದರಿಂದ ಬೆಕ್ಕಿರುವ ಮನೆಗೆ ಲಿಲ್ಲಿ ಒಯ್ಯಲೇಬೇಡಿ. ಹೂ ಕೊಡುವವರು ಗುಲಾಬಿ ಅಥವಾ ಜರ್ಬೆರಾ ಆರಿಸಿಕೊಳ್ಳಲಿ.

2. ಸೈಕಾಸ್: ನೋಡಲು ಗಿಡ್ಡ ತಾಳೆಯಂತಿದ್ದರೂ ಇದು ತಾಳೆಯ ಜಾತಿಯಲ್ಲ. ಗಿಡವೆಲ್ಲ ವಿಷ, ಬೀಜ ಇನ್ನೂ ಹೆಚ್ಚು. ತಿಂದ ನಾಯಿಯ ಯಕೃತ್ತು ಕೆಡುತ್ತದೆ.

3. ಕಣಗಿಲೆ: ಕೆಂಪು, ಬಿಳಿ, ಹಳದಿ ಯಾವುದೇ ಇರಲಿ, ಇದರ ವಿಷ ಹೃದಯದ ಬಡಿತವನ್ನು ಕೆಡಿಸುತ್ತದೆ. ಒಣಗಿದರೂ ವಿಷ ಹೋಗುವುದಿಲ್ಲ. ಪೂಜೆಗೆ ಇದರ ಹೂ ಬಳಸುವವರು ನಿರ್ಮಾಲ್ಯವನ್ನು, ಗಿಡ ಸವರಿದವರು ಕೊಂಬೆಗಳನ್ನು ದನಕರು ಮೇಯುವಲ್ಲಿ ಹಾಕಬಾರದು. ನಿತ್ಯಪುಷ್ಪ ಅಥವಾ ಕಾಶಿ ಕಣಗಿಲೆಯೂ ವಿಷಸಸ್ಯವೇ. ಕ್ಯಾನ್ಸರ್ ಚಿಕಿತ್ಸೆಯ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಅದರಿಂದಲೇ ಬಂದದ್ದು. ಅಳತೆಯಲ್ಲಿ ಔಷಧಿಯಾಗುವುದು ಅಳತೆ ತಪ್ಪಿದರೆ ವಿಷ.

ನಿಶ್ಚಿಂತೆಯಿಂದ ಇಡಬಹುದಾದವು

ಮನೆಯೊಳಗೆ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್. ಬಿಸಿಲು ಬೀಳುವ ಕಡೆ ದಾಸವಾಳ, ಮಲ್ಲಿಗೆ, ಗುಲಾಬಿ. ಇವು ಬೆಕ್ಕು ನಾಯಿಗಳಿಗೆ ವಿಷವಲ್ಲ. ಹಾಗೆಂದು ಬಹಳ ತಿಂದರೆ ವಾಂತಿಯಾಗಬಹುದು. ಬೆಕ್ಕಿಗೆ ಹುಲ್ಲು ಮೆಲ್ಲುವ ಅಭ್ಯಾಸವಿದೆ. ಒಂದು ತಟ್ಟೆಯಲ್ಲಿ ಗೋಧಿ ಚೆಲ್ಲಿ ಮೊಳಕೆ ಬೆಳೆಸಿಕೊಟ್ಟರೆ ಬೇರೆ ಗಿಡಗಳ ತಂಟೆಗೆ ಹೋಗುವುದು ಕಡಿಮೆ.

ಆರೈಕೆ ಹೇಗೆ?

* ಅರೆಕಾ, ಸ್ಪೈಡರ್ ಪ್ಲಾಂಟ್‌ಗಳಿಗೆ ಬೆಳಕು ಬೇಕು, ನೇರ ಬಿಸಿಲು ಬೇಡ. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ. ಫರ್ನ್‌ನ ಮಣ್ಣು ಸದಾ ಸ್ವಲ್ಪ ತೇವವಾಗಿರಲಿ.
* ಕುಂಡದ ತಟ್ಟೆ, ಹೂದಾನಿಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ ಉಜ್ಜಿ ತೊಳೆಯಿರಿ. ನಿಂತ ನೀರಿನಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಬೆಳೆಯುತ್ತದೆ.
* ಗೊಬ್ಬರವೆಂದು ಹರಳು ಹಿಂಡಿ ಹಾಕಬೇಡಿ. ಅದರ ವಾಸನೆಗೆ ನಾಯಿ ಬಂದು ತಿನ್ನುತ್ತದೆ. ಅದರಲ್ಲಿ ಉಳಿದಿರಬಹುದಾದ ರಿಸಿನ್ ಮಾರಕ ವಿಷ. ಎರೆಗೊಬ್ಬರ ಒಳ್ಳೆಯದು.
* ಬೆಕ್ಕು ಕುಂಡದ ಮಣ್ಣಿನಲ್ಲಿ ಮಲ ವಿಸರ್ಜಿಸುವುದುಂಟು. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು ಬರಿಗೈಯಲ್ಲಿ ಆ ಮಣ್ಣು ಮುಟ್ಟದಿರಲಿ.

ತಿಂದುಬಿಟ್ಟರೆ ಏನು ಮಾಡಬೇಕು?

1. ಬಾಯಲ್ಲಿ ಉಳಿದ ಎಲೆಯನ್ನು ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ. ಬೆಕ್ಕಿನ ಮೈಮೇಲೆ ಪರಾಗವಿದ್ದರೆ ಅದು ನೆಕ್ಕುವ ಮೊದಲೇ ತೊಳೆಯಿರಿ.
2. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅದರಿಂದಲೇ ಪ್ರಾಣ ಹೋಗಬಹುದು. ಕೆಸುವಿಗೆ ಹುಣಸೆ ಹಾಕುತ್ತೇವೆಂದು ಹುಣಸೆನೀರನ್ನೂ ಕುಡಿಸಬೇಡಿ. ಅದರ ಆಮ್ಲ ನಾಯಿಯ ಮೂತ್ರಪಿಂಡಕ್ಕೆ ಹಾನಿಕರ.
3. ಗಿಡದ ಒಂದು ತುಂಡನ್ನು ಜೊತೆಯಲ್ಲಿ ಒಯ್ಯಿರಿ. ಎಷ್ಟು ಹೊತ್ತಾಯಿತೆಂದು ಪಶುವೈದ್ಯರಿಗೆ ತಿಳಿಸಿ. ಲಕ್ಷಣ ಕಾಣಲೆಂದು ಕಾಯಬೇಡಿ.
4. ದನಕರುಗಳಿಗಾದರೆ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿ. ಮಗು ತಿಂದಿದ್ದರೆ 108ಕ್ಕೆ ಕರೆ ಮಾಡಿ, ಇಲ್ಲವೇ ನೇರವಾಗಿ ಆಸ್ಪತ್ರೆಗೆ ಕರೆತನ್ನಿ.

ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ಒಳಗೆ, ಅಂಗಳದಲ್ಲಿ ಇರುವ ಗಿಡಗಳನ್ನೆಲ್ಲ ಒಮ್ಮೆ ನೋಡಿ, ಹೆಸರು ಬರೆದಿಡಿ. ಹೆಸರು ಗೊತ್ತಿಲ್ಲದ ಗಿಡವನ್ನು ನರ್ಸರಿಯವರಿಗೆ ತೋರಿಸಿ ಕೇಳಿ. ತನಗೆ ನೋವಾಗಿದೆ ಎಂದು ಹೇಳಲು ಮೂಕಪ್ರಾಣಿಗೆ ಬಾಯಿಲ್ಲ. ಅದರ ಪರವಾಗಿ ಎಚ್ಚರವಾಗಿರಬೇಕಾದವರು ನಾವೇ.