ಮೂರು ತಿಂಗಳ ಸಕ್ಕರೆಯ ಲೆಕ್ಕ: ಎಚ್‌ಬಿಎ1ಸಿ ವರದಿಯನ್ನು ಅರಿಯುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ತಪಾಸಣಾ ಶಿಬಿರದಲ್ಲಿ ಬೆರಳ ತುದಿಯ ರಕ್ತಪರೀಕ್ಷೆಯ ಅಂಕಿ ಹಿತವಾಗಿ ಬಂದೊಡನೆ ಸಕ್ಕರೆ ಕಾಯಿಲೆ ವಾಸಿಯಾಯಿತೆಂದು ಭಾವಿಸಿ ಮಾತ್ರೆ ನಿಲ್ಲಿಸುವವರು ಪ್ರತಿ ಗ್ರಾಮದಲ್ಲಿಯೂ ಇರಬಹುದು. ಕಣ್ಣು, ಮೂತ್ರಪಿಂಡ ಹಾಗೂ ಪಾದದ ನರಗಳಿಗೆ ಮಧುಮೇಹದಿಂದಾಗುವ ಹಾನಿಯು ಆರಂಭದಲ್ಲಿ ನೋವನ್ನು ತೋರುವುದಿಲ್ಲ. ಆದ್ದರಿಂದ ಒಂದು ದಿನದ ಅಂಕಿಗೂ ಮೂರು ತಿಂಗಳ ಅಂಕಿಗೂ ಇರುವ ಅಂತರವನ್ನು ಸದಸ್ಯರು ತಿಳಿದಿರುವುದು ಅವಶ್ಯ.

1. ಪರೀಕ್ಷೆಯ ತತ್ತ್ವ

ರಕ್ತದಲ್ಲಿನ ಸಕ್ಕರೆಯು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಈ ಕಣಗಳ ಆಯುಸ್ಸು ಸುಮಾರು 120 ದಿನ. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಶೇಕಡಾ ಎಷ್ಟೆಂದು ಅಳೆದರೆ ಕಳೆದ ಎರಡು-ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಇದಕ್ಕೆ ಖಾಲಿ ಹೊಟ್ಟೆಯಲ್ಲಿರಬೇಕಾಗಿಲ್ಲ.

2. ಅಂಕಿಗಳ ಅರ್ಥ

• 5.7ಕ್ಕಿಂತ ಕಡಿಮೆ: ಸಾಮಾನ್ಯ
• 5.7ರಿಂದ 6.4: ಮಧುಮೇಹದ ಪೂರ್ವಸ್ಥಿತಿ
• 6.5 ಮತ್ತು ಹೆಚ್ಚು: ಮಧುಮೇಹ (ವೈದ್ಯರು ದೃಢಪಡಿಸಬೇಕು)

ಚಿಕಿತ್ಸೆಯಲ್ಲಿರುವ ಬಹುತೇಕ ವಯಸ್ಕರಿಗೆ 7ಕ್ಕಿಂತ ಕಡಿಮೆ ಎಂಬುದು ಗುರಿ. ವಯೋವೃದ್ಧರಿಗೆ ಸಕ್ಕರೆ ಅತಿಯಾಗಿ ಇಳಿದು ಬೆವರು, ತಲೆಸುತ್ತು ಉಂಟಾಗುವ ಅಪಾಯವಿರುವುದರಿಂದ ವೈದ್ಯರು ಗುರಿಯನ್ನು ಸಡಿಲಿಸಬಹುದು.

ಉದಾಹರಣೆಗೆ, ಗುಬ್ಬಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಶಿಬಿರದ ಹಿಂದಿನ ರಾತ್ರಿ ಅರೆಹೊಟ್ಟೆ ಉಂಡು ಬಂದರೆಂದು ಭಾವಿಸೋಣ. ಬೆಳಗಿನ ಅಂಕಿ 115 ಇದ್ದರೂ ಎಚ್‌ಬಿಎ1ಸಿ 9 ಬರಬಹುದು. 9 ಎಂದರೆ ಸರಾಸರಿ ಸುಮಾರು 212. 7 ಎಂದರೆ ಸುಮಾರು 154. ಒಂದು ರಾತ್ರಿಯ ಪಥ್ಯವು ಮೂರು ತಿಂಗಳ ಲೆಕ್ಕವನ್ನು ಬದಲಿಸಲಾರದು. ರಾಗಿ ಮುದ್ದೆಯೂ ಸಕ್ಕರೆಯನ್ನು ಏರಿಸುತ್ತದೆ. ಆದುದರಿಂದ ಪ್ರಮಾಣವೇ ಮುಖ್ಯ.

3. ವರದಿಯು ದಾರಿ ತಪ್ಪಿಸುವ ಸಂದರ್ಭಗಳು

ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಉಳ್ಳವರಲ್ಲಿ ಅಂಕಿಯು ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಇತ್ತೀಚೆಗೆ ರಕ್ತಸ್ರಾವವಾದವರಲ್ಲಿ ಕಡಿಮೆಯಾಗಿ ಕಾಣಬಹುದು. ರಕ್ತ ಪಡೆದವರು, ಗರ್ಭಿಣಿಯರು ಮತ್ತು ಮೂತ್ರಪಿಂಡದ ಕಾಯಿಲೆಯುಳ್ಳವರ ವಿಷಯದಲ್ಲಿಯೂ ಈ ಒಂದೇ ಅಂಕಿಯನ್ನು ನಂಬಲಾಗದು. ಇಂಥವರು ತಮ್ಮ ಸ್ಥಿತಿಯನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

4. ಸದಸ್ಯರು ಮಾಡಬೇಕಾದುದು

ಅ) ಅಂಕಿ ಗುರಿಯಲ್ಲಿದ್ದರೆ ಆರು ತಿಂಗಳಿಗೊಮ್ಮೆ, ಗುರಿ ಮೀರಿದ್ದರೆ ಅಥವಾ ಚಿಕಿತ್ಸೆ ಬದಲಾಗಿದ್ದರೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಅಗತ್ಯವೆಂದು ಗ್ರಾಮಸಭೆಯಲ್ಲಿ ತಿಳಿಸುವುದು.

ಆ) ಈ ಪರೀಕ್ಷೆಯು ತುಮಕೂರು ಜಿಲ್ಲಾ ಆಸ್ಪತ್ರೆ ಅಥವಾ ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಯಾವ ದಿನ ದೊರೆಯುವುದೆಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ವಿಚಾರಿಸಿ, ಪಂಚಾಯಿತಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು.

ಇ) ಮಾತ್ರೆ ನಿಲ್ಲಿಸಿದವರನ್ನು ಗದರಿಸದೆ, ಆಶಾ ಕಾರ್ಯಕರ್ತೆಯರ ಸಹಾಯದಿಂದ ಪುನಃ ಚಿಕಿತ್ಸೆಗೆ ಕರೆತರುವುದು.

ಈ) ಯಾರ ವರದಿಯನ್ನೂ ಸಭೆಯಲ್ಲಿ ಓದದಿರುವುದು, ಅದು ರೋಗಿಯ ಸ್ವಂತ ವಿಷಯ.

ಅಂಕಿ ಇಳಿದಿದ್ದರೆ ಅದು ಮಾತ್ರೆ, ಮಿತಾಹಾರ ಹಾಗೂ ನಡಿಗೆಯ ಫಲ. ಫಲ ಕಂಡಿತೆಂದು ನೀರು ಹಾಯಿಸುವುದನ್ನು ನಿಲ್ಲಿಸಿದರೆ ತೋಟ ಉಳಿಯದು. ವೈದ್ಯರು ಹೇಳುವವರೆಗೆ ಮಾತ್ರೆ ನಿಲ್ಲಿಸಬಾರದೆಂಬ ಈ ಒಂದು ಮಾತನ್ನು ಪ್ರತಿ ಮನೆಗೂ ತಲುಪಿಸಬೇಕೆಂದು ಕೋರಲಾಗಿದೆ.